ಕಾಲೆತ್ತದೆ ನಡೆದ ಸಲ್ಲೂಹಾ

ಸ್ಫಾಕ್ಸ್ ಪಟ್ಟಣದ ಆಸ್ಪತ್ರೆಯ ಕಂಪ್ಯೂಟರ್ ಪ್ರಕಾರ ಸಲ್ಲೂಹಾ ಮೂರು ವಾರದಿಂದ ಕೂತಲ್ಲಿಂದ ಎದ್ದಿರಲಿಲ್ಲ. ಅದೇ ಮೂರು ವಾರ ಅವಳು ದಿನಾ ಬೆಳಿಗ್ಗೆ ಅರ್ಧ ಗಂಟೆ ಬೆವರು ಕಿತ್ತು ಬರುವಂತೆ ನಡೆದಿದ್ದಳು. ಕಂಪ್ಯೂಟರ್ ಹೇಳಿದ್ದನ್ನು ಎಲ್ಲರೂ ನಂಬಿದರು. ಅವಳನ್ನು ಯಾರೂ ಕೇಳಲಿಲ್ಲ.

ಕೆರ್ಕೆನ್ನಾ ದ್ವೀಪದ ಈ ಹೆಂಗಸಿಗೆ ಐವತ್ತೇಳು ವರ್ಷ. ಹದಿನೇಳಕ್ಕೇ ಅತ್ತೆಯ ಹಿಂದೆ ಮೊಣಕಾಲುದ್ದ ಸಮುದ್ರಕ್ಕಿಳಿದು, ಕೊಕ್ಕೆಕೋಲಿನಿಂದ ಬಿಲದೊಳಗಿನ ಆಕ್ಟೋಪಸ್ ಎಳೆಯುವುದನ್ನು ಕಲಿತವಳು. ಬೇಸಿಗೆಯಲ್ಲಿ ಎದೆ ಹಿಡಿದುಕೊಂಡು ಬಿದ್ದಳು. ಸ್ಫಾಕ್ಸ್‌ನಲ್ಲಿ ಸ್ಟೆಂಟ್ ಹಾಕಿದರು. ಆಮೇಲಿನ ವ್ಯಾಯಾಮಕ್ಕೆ ವಾರಕ್ಕೆ ಮೂರು ಸಲ ಹಡಗು ಹತ್ತಿ ಬರಲಾಗದೆ ಎಷ್ಟೋ ಜನ ಚಿಕಿತ್ಸೆಯನ್ನೇ ಬಿಡುತ್ತಾರೆಂದು, ಆಸ್ಪತ್ರೆಯವರು ಅವಳ ಮಣಿಕಟ್ಟಿಗೊಂದು ಪಟ್ಟಿ ಕೊಟ್ಟು ಕಳಿಸಿದರು. ನೀರಿಗೂ ಕೆಡದ ಪಟ್ಟಿ. ವ್ಯಾಯಾಮದ ಹೊತ್ತಿನಲ್ಲಿ ಕಟ್ಟಿಕೊಂಡರೆ ನಾಡಿ ಎಷ್ಟು, ಹೆಜ್ಜೆ ಎಷ್ಟು ಎಂಬುದು ಫೋನಿನ ಮೂಲಕ ಅಲ್ಲಿಗೆ ಹೋಗುತ್ತದೆ. ಅಹ್ಲೆಮ್ ಎಂಬ ವ್ಯಾಯಾಮ ಚಿಕಿತ್ಸಕಿ ಅದನ್ನು ನೋಡಿ ವಾರಕ್ಕೊಮ್ಮೆ ಫೋನಿನಲ್ಲಿ ಮುಖ ತೋರಿಸಿ ಮಾತಾಡುತ್ತಾಳೆ. ಒಳ್ಳೆಯ ಏರ್ಪಾಟು, ಇಲ್ಲವೆನ್ನುವಂತಿಲ್ಲ.

ದಿನಾ ನಡೆದು ಅಭ್ಯಾಸವಿರುವ ಜಾಗದಲ್ಲೇ ನಡೆಯಿರಿ ಎಂದು ಅಹ್ಲೆಮ್ ಹೇಳಿದ್ದಳು. ಸಲ್ಲೂಹಾ ಸೀದಾ ಸಮುದ್ರಕ್ಕೆ ಹೋದಳು. ಆ ಜಾಗ ಯಾವುದೆಂದು ಕೇಳಬೇಕೆನ್ನುವುದು ಪಟ್ಟಣದವರಿಗೆ ಹೊಳೆದಿರಲಿಲ್ಲ.

ನಾಲ್ಕನೆಯ ವಾರ ಡಾಕ್ಟರೇ ಫೋನಿಗೆ ಬಂದರು. ಹೆಜ್ಜೆ ಇಲ್ಲ, ನಾಡಿ ಮಾತ್ರ ನೂರಾ ಎಂಟು. ಸುಮ್ಮನೆ ಕೂತವಳ ಎದೆ ಹೀಗೆ ಓಡುವುದು ಒಳ್ಳೆಯದಲ್ಲ ಎಂದರು. ನಡೆಯುತ್ತಿದ್ದೇನೆ ಎಂದು ಸಲ್ಲೂಹಾ ಅಂದರೆ ನಗಾಡಿದರು. ವ್ಯಾಯಾಮ ನಿಲ್ಲಿಸಿ ಹಾಸಿಗೆಯಲ್ಲಿರಬೇಕು, ಸೋಮವಾರದ ಹಡಗಿಗೆ ಬರಬೇಕು, ಇಲ್ಲದಿದ್ದರೆ ಹೆಸರು ತೆಗೆದು ಮಣಿಕಟ್ಟಿನ ಪಟ್ಟಿ ವಾಪಸು. ಕಡತದಲ್ಲಿ ಆಗಲೇ ಬರೆದದ್ದನ್ನು ಓದಿಯೂ ಹೇಳಿದರು: ರೋಗಿ ಸಹಕರಿಸುತ್ತಿಲ್ಲ.

ಆ ಎರಡು ಪದ ಅವಳಿಗೆ ಸ್ಟೆಂಟಿಗಿಂತ ಹೆಚ್ಚು ಚುಚ್ಚಿದವು. ಹಾಸಿಗೆ ಹಿಡಿದರೆ ಈ ಚಳಿಗಾಲದ ಬೇಟೆ ಹೋಯಿತು, ಬೇಟೆಯ ಜೊತೆ ಅವಳೂ ಹೋದಳು ಅಂತಲೇ ಲೆಕ್ಕ. ನಾದಿನಿ ಫಜ್ರಿಯಾ ಮಾತ್ರ ಸುಮ್ಮನಿರಲಿಲ್ಲ. "ನಲವತ್ತು ವರ್ಷ ನೀರಲ್ಲಿ ಕೂತೇ ಇದ್ದೆಯೇನೇ? ಹಾಗಾದ್ರೆ ನಮ್ಮನೆ ಆಕ್ಟೋಪಸ್ಸೆಲ್ಲ ತಾವೇ ನಡ್ಕೊಂಡು ಬಂದ್ವು ಬಿಡು."

ಮರುದಿನ ಬೆಳಿಗ್ಗೆ ಸಲ್ಲೂಹಾ ಫೋನನ್ನು ಫಜ್ರಿಯಾಳ ಕೈಗಿಟ್ಟು ನೀರಿಗಿಳಿದಳು. ಫೋನ್ ಎತ್ತಿ ಹಿಡಿದು ಹಿಂದೆಯೇ ಇಳಿದ ಫಜ್ರಿಯಾ ಅಹ್ಲೆಮ್‌ಗೆ ಕರೆ ಮಾಡಿದಳು. ಅಹ್ಲೆಮ್ ಡಾಕ್ಟರನ್ನೂ ಎಳೆದು ತಂದು ಪಕ್ಕದಲ್ಲಿ ಕೂರಿಸಿಕೊಂಡಳು. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಚೀಲ, ಎರಡೂ ಅಲ್ಲಾಡದೆ, ಪಾದವನ್ನು ಮರಳಿಗೆ ಅಂಟಿಸಿದಂತೆ ಉಜ್ಜುತ್ತಾ ಸಲ್ಲೂಹಾ ಸಾಗಿದಳು. ನೀರು ತೊಡೆಗೆ ಒತ್ತುತ್ತಿತ್ತು. ನಾಡಿ ನೂರಾ ನಾಲ್ಕು. ಹೆಜ್ಜೆ ಸೊನ್ನೆ: ಮೈಕೈ ಕುಲುಕಿದರಷ್ಟೇ ಪಟ್ಟಿ ಹೆಜ್ಜೆ ಎಣಿಸುತ್ತಿತ್ತು.

"ಚಿಕ್ಕಮ್ಮಾ, ಸ್ವಲ್ಪ ಕಾಲೆತ್ತಿ ನಡೀರಿ. ಆಗ ಇದು ಎಣಿಸುತ್ತೆ," ಅಂದಳು ಅಹ್ಲೆಮ್.

"ಎತ್ತಿ ಇಟ್ಟರೆ ತೊರಕೆ ಮೀನಿನ ಬೆನ್ನ ಮೇಲೆ ಇಡ್ತೀನಿ ಮಗಳೇ. ಮರಳೊಳಗೆ ಮಲಗಿರತ್ತೆ, ಬಾಲದಲ್ಲಿ ಮುಳ್ಳು. ಹೀಗೆ ಉಜ್ಕೊಂಡು ಹೋದ್ರೆ ಅದೇ ಎದ್ದು ಓಡತ್ತೆ. ನಿಮ್ಮ ಪಟ್ಟಿ ಎಣಿಸ್ಲಿ ಅಂತ ಚುಚ್ಚಿಸ್ಕೊಳ್ಳೋಕಾಗತ್ತಾ?"

ಡಾಕ್ಟರ್ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಸಲ್ಲೂಹಾ ಬಗ್ಗಿ ಕೋಲನ್ನು ಬಿಲಕ್ಕೆ ತೂರಿಸಿದಳು. ನಾಡಿ ನೂರಾ ಹದಿನೆಂಟಕ್ಕೆ ಹಾರಿತು. ಅಹ್ಲೆಮ್ ಗಾಬರಿಯಿಂದ ಏನಾಯಿತೆಂದು ಕೇಳಿದಳು.

"ಊಟ ಸಿಕ್ತು," ಅಂದಳು ಸಲ್ಲೂಹಾ, ತೋಳಿಗೆ ಸುತ್ತಿಕೊಂಡ ಆಕ್ಟೋಪಸ್ಸನ್ನು ಬಿಡಿಸುತ್ತಾ.

ಅವಳು ಸುಮ್ಮನೆ ನಿಂತಳು. ಐದು ನಿಮಿಷದಲ್ಲಿ ನಾಡಿ ಎಂಬತ್ತನಾಲ್ಕಕ್ಕೆ ಇಳಿಯಿತು. ದುಡಿದಾಗ ಏರಿ ನಿಂತಾಗ ಇಳಿಯುತ್ತದೆ, ವ್ಯಾಯಾಮ ಅಂದರೆ ಇದೇ ಎಂದು ಅಹ್ಲೆಮ್ ಡಾಕ್ಟರಿಗೆ ಹೇಳಿದ್ದು ಫೋನಿನಲ್ಲಿ ಎಲ್ಲರಿಗೂ ಕೇಳಿಸಿತು. ಡಾಕ್ಟರ್ ಕೆಮ್ಮಿದರು. ಆಯಿತು, ಮುಂದುವರಿಸಲಿ, ಒಬ್ಬಳೇ ಇಳಿಯುವುದು ಬೇಡ, ಸೋಮವಾರ ಬರುವುದೂ ಬೇಡ ಎಂದು ಏಳಲು ಹೊರಟರು.

"ಡಾಕ್ಟ್ರೇ, ಕೂತ್ಕೊಳ್ಳಿ. ಆ ಎರಡು ಮಾತು ಹೊಡೆದುಹಾಕಿ ಮೊದಲು."

ಆಮೇಲೆ ತಿದ್ದಿಸೋಣ, ಅದು ಆಡಳಿತದವರ ಕೆಲಸ ಎಂದರು ಅವರು. ಬರೆಯುವಾಗ ಆಡಳಿತ ಅಡ್ಡ ಬಂದಿರಲಿಲ್ಲ. ಅಳಿಸುವಾಗ ಮಾತ್ರ ಬರುತ್ತದೆ. ಬಡವರ ಕಡತಗಳು ಹೀಗೆಯೇ ದಪ್ಪವಾಗುತ್ತವೆ.

"ಪರವಾಗಿಲ್ಲ. ಅಳಿಸೋವರೆಗೂ ನಾನು ಇಲ್ಲೇ ನಿಂತಿರ್ತೀನಿ. ನಾಡಿ ನೋಡ್ತಾ ಇರಿ," ಎಂದು ಸಲ್ಲೂಹಾ ಚೀಲವನ್ನು ಸೊಂಟಕ್ಕೆ ಕಟ್ಟಿಕೊಂಡಳು.

ಫಜ್ರಿಯಾ ಫೋನನ್ನು ಇನ್ನಷ್ಟು ಎತ್ತಿ ಹಿಡಿದಳು. ಆಚೆ ಕಂಪ್ಯೂಟರ್ ಕೀಲಿಗಳ ಟಕಟಕ ಶುರುವಾಯಿತು.

"ಓದಿ ಹೇಳು ಮಗಳೇ, ಗಟ್ಟಿಯಾಗಿ."

ಅಹ್ಲೆಮ್ ಓದಿದಳು: "ರೋಗಿ ಸಮುದ್ರದಲ್ಲಿ ನಡೆಯುತ್ತಾರೆ. ಹೆಜ್ಜೆ ಎಣಿಸಬೇಡಿ."

ಅಷ್ಟು ಕೇಳಿಸಿಕೊಂಡು ಸಲ್ಲೂಹಾ ಬೆನ್ನು ತಿರುಗಿಸಿ, ಕಾಲೆತ್ತದೆ, ಮುಂದಿನ ಬಿಲದ ಕಡೆ ಹೊರಟಳು.