ಮಂಜುಗಡ್ಡೆಯ ಮೇಲಿನ ಇಪ್ಪತ್ತು ಗುಂಟೆ

ಮಧ್ಯಾಹ್ನ ಒಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಎಲ್ಲವೂ ಕೆಡಲು ಶುರುವಾಯಿತು. ಇಷ್ಟು ಖಚಿತವಾಗಿ ಹೇಳಲು ಕಾರಣ ನನ್ನ ಫೋನಿನಲ್ಲಿರುವ ಫೋಟೋ. ನಮ್ಮ ಪಕ್ಕದ ಮನೆಯ ಹಿರಿಯ ಹೆಂಗಸು ಹೆಪ್ಪುಗಟ್ಟಿದ ಕೆರೆಯ ಮೇಲೆ ನಿಂತು, ನನ್ನ ಹೆಂಡತಿಗೆ ಅವಳ ಅಮ್ಮ ಕೊಟ್ಟ ಸ್ಟೀಲ್ ಚೊಂಬನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಪಂದ್ಯ ಗೆದ್ದವರ ಹಾಗೆ ನಗುತ್ತಿದ್ದಾರೆ. ಫೋಟೋ ತೆಗೆದು ಫೋನ್ ಜೇಬಿಗೆ ಹಾಕುತ್ತ ನಾನು ಅಂದೆ: "ಕಾಫಿ ನಡೆಯಲ್ಲ. ನೀರೇ ಬೇಕು."

ಆ ಮಾತನ್ನು ನಾನು ಈಗಲೂ ಮನಸ್ಸಿನಲ್ಲಿ ತಿದ್ದಿ ತಿದ್ದಿ ಹೇಳಿಕೊಳ್ಳುತ್ತೇನೆ. ಒಂದು ಸಲ "ಕಾಫಿಯೂ ಆಗುತ್ತೆ" ಅನ್ನುತ್ತೇನೆ. ಇನ್ನೊಂದು ಸಲ "ನಡೀರಿ ಮನೆಗೆ, ಚಳಿ" ಅನ್ನುತ್ತೇನೆ. ಏನು ಅಂದರೂ ಅವರು ಚೊಂಬು ಹಿಡಿದು ನೀರಿನ ಕಡೆಗೇ ನಡೆಯುತ್ತಾರೆ.

ನಾವಿರುವುದು ಸ್ವೀಡನ್ನಿನ ಗೋಥೆನ್‌ಬರ್ಗಿನಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ ದೂರದ ಹಳ್ಳಿಯಲ್ಲಿ. ಹೆಂಡತಿಗೆ ಮೋಲ್ನ್‌ಡಾಲ್‌ನಲ್ಲಿ ಔಷಧಿ ಸಂಶೋಧನೆಯ ಕೆಲಸ, ನನಗೆ ಸ್ವೀಡಿಷ್ ಕಲಿಯುವ ಕೆಲಸ. ಮೈಸೂರಿನ ಇತಿಹಾಸದ ಎಂ.ಎ. ಇಲ್ಲಿ ಯಾರಿಗೂ ಬೇಕಿರಲಿಲ್ಲ, ಪಕ್ಕದ ಮನೆಯವರನ್ನು ಬಿಟ್ಟು. ಅವರು ಜಮೀನು ಸರ್ವೆ ಮಾಡುವ ಕೆಲಸದಿಂದ ನಿವೃತ್ತರಾದವರು. ಈ ದೇಶದಲ್ಲಿ ಎಂಟರಿಂದ ಎಂಬತ್ತರವರೆಗೆ ಎಲ್ಲರಿಗೂ ಏಕವಚನ. ನಾನೂ ಹಾಗೇ ಮಾತನಾಡಿಸುತ್ತಿದ್ದೆ, ಆದರೆ ಮನಸ್ಸಿನಲ್ಲಿ ಬಹುವಚನ ಹಾಕಿ ಲೆಕ್ಕ ಸರಿಮಾಡಿಕೊಳ್ಳುತ್ತಿದ್ದೆ.

ಅವರ ಮುತ್ತಜ್ಜನ ತಮ್ಮನೊಬ್ಬ ಹಿಂದೆ ಈ ಹಳ್ಳಿಯಿಂದ ಅಮೆರಿಕದ ಹುಲ್ಲುಗಾವಲಿಗೆ ಹೋಗಿ ನೆಲ ಪಡೆದಿದ್ದನಂತೆ. ತನ್ನ ಮನೆಗೆ ಬಾಗಿಲು ಕೂರಿಸುವ ಮೊದಲೇ ಆ ನೆಲದ ಒಂದು ಮೂಲೆಯನ್ನು ಚರ್ಚ್ ಕಟ್ಟಲು ಬರೆದುಕೊಟ್ಟ. ಆ ದಾನಪತ್ರದ ನಕಲು ಇವರ ಮನೆಯ ಪೆಟ್ಟಿಗೆಯಲ್ಲಿತ್ತು. ವಸಂತದಲ್ಲಿ ಹಳ್ಳಿಯ ಚರ್ಚಿನಲ್ಲಿ ಅದರ ಬಗ್ಗೆ ಮಾತನಾಡಲು ಒಪ್ಪಿಕೊಂಡಿದ್ದರು. ಹಳೆಯ ಇಂಗ್ಲಿಷ್ ಕೈಬರಹ ಓದಲು ನನ್ನನ್ನು ಕರೆದರು.

ಉದ್ದ ಹತ್ತು ರಾಡ್, ಅಗಲ ಎಂಟು ರಾಡ್, ಪೂರ್ವಕ್ಕೆ ಹಳ್ಳ. ಹಳ್ಳ ಅರ್ಥವಾಯಿತು. ರಾಡ್ ಎಂದರೆ ಹದಿನಾರೂವರೆ ಅಡಿ ಎಂದು ಅವರು ಪುಸ್ತಕ ತೆಗೆದು ತೋರಿಸಿದರು. ನಾನು ಕಾಗದದ ಅಂಚಿನಲ್ಲಿ ಗುಣಿಸಿ ಭಾಗಿಸಿ ಕುರ್ಚಿಯಿಂದ ಎದ್ದುಬಿಟ್ಟೆ. ಸರಿಯಾಗಿ ಇಪ್ಪತ್ತು ಗುಂಟೆ! ಒಂದು ಅಡಿ ಹೆಚ್ಚಿಲ್ಲ, ಕಡಿಮೆಯಿಲ್ಲ.

"ಗುಂಟೆ ಅಂದ್ರೆ ಏನು?" ಅಂದರು.

ಮೂವತ್ತಮೂರು ಅಡಿ ಚೌಕ ಎಂದು ವಿವರಿಸಿದೆ. ಅಲ್ಲಿಗೆ ನಿಲ್ಲಿಸಬೇಕಿತ್ತು. ಯಾರೋ ನನ್ನನ್ನು ಏನಾದರೂ ಕೇಳಿ ಎಷ್ಟೋ ತಿಂಗಳಾಗಿತ್ತು. ನಮ್ಮಲ್ಲಿ ದೇವಸ್ಥಾನಗಳಿಗೆ ಕೊಟ್ಟ ಭೂದಾನದ ಶಾಸನಗಳು, ಕಲ್ಲಿನ ಮೇಲೆ ಎಲ್ಲೆ ಬರೆಸುವುದು, ಕೈಗೆ ನೀರು ಸುರಿದು ಧಾರೆ ಎರೆದರೆ ಮಾತ್ರ ದಾನ ಪೂರ್ತಿಯಾಗುವುದು, ಎಲ್ಲವನ್ನೂ ಕೊರೆದೆ.

ಅವರ ಕಣ್ಣು ಅರಳಿತು. "ಅವನು ಕೊಟ್ಟಾಗ ನೀರು ಹಾಕಿರ್ಲಿಲ್ಲ ಅಲ್ವಾ? ನಾವೇ ಹಾಕಿಬಿಡೋಣ. ಅಳತೇನೂ ಹಾಕಿ ನೋಡೋಣ. ಸಭೇಲಿ ತೋರ್ಸೋಕೆ ಫೋಟೋ ಆಗುತ್ತೆ."

ಇಪ್ಪತ್ತು ಗುಂಟೆ ಬಯಲು ಸುತ್ತಮುತ್ತ ಎಲ್ಲೂ ಇರಲಿಲ್ಲ. ಹೊಲಗಳಿಗೆ ಬೇಲಿ, ತೋಟಗಳಲ್ಲಿ ಸೇಬಿನ ಮರ. ಇದ್ದದ್ದು ಫೆಬ್ರವರಿಯ ಕೆರೆ ಒಂದೇ. ಕೆರೆಗೆ ಸೇರುವ ಹಳ್ಳ ಪೂರ್ವದಲ್ಲೇ ಇತ್ತು. ಪತ್ರದಲ್ಲಿ ಹಳ್ಳ ಇದ್ದ ಮೇಲೆ ಹಳ್ಳದ ಪಕ್ಕವೇ ಅಳೆಯಬೇಕು ಎಂದು ಅವರು ಹಟ ಹಿಡಿದರು.

ಹೊರಡುವಾಗ ಇಬ್ಬರ ಕೊರಳಿಗೂ ದಾರದಲ್ಲಿ ಕಟ್ಟಿದ ಎರಡು ಮೊಳೆಹಿಡಿಗಳನ್ನು ಹಾಕಿದರು. ಮಂಜು ಒಡೆದರೆ ಚುಚ್ಚಿ ಹಿಡಿದು ಮೇಲೆ ಬರಲು. ಮದುವೆ ಹಾರದಂತಿದೆ ಎಂದು ನಾನು ನಕ್ಕೆ. "ನಿನಗಿಂತ ಈ ಕೆರೆ ನನಗೆ ಚೆನ್ನಾಗಿ ಗೊತ್ತು" ಎಂದು ಅವರೂ ನಕ್ಕರು.

ಐವತ್ತು ಮೀಟರಿನ ಟೇಪು ಎಳೆದು ನಾಲ್ಕು ಮೂಲೆಗೂ ಕಡ್ಡಿ ನೆಟ್ಟೆವು. ಚೊಂಬು ಕೊಟ್ಟೆ, ಫೋಟೋ ತೆಗೆದೆ. ಅವರು ಫ್ಲಾಸ್ಕ್ ತೆಗೆದು ಧಾರೆಗೆಂದು ಚೊಂಬಿಗೆ ಕಾಫಿ ಸುರಿಯಲು ಹೊರಟರು, ನಾನು ಶಾಸ್ತ್ರ ತೆಗೆದೆ. ಹಳ್ಳದ ಬಾಯಲ್ಲಿ ಹರಿಯುವ ನೀರು ಕಾಣುತ್ತಿತ್ತು. ಚೊಂಬು ಹಿಡಿದು ಅತ್ತ ಏಳೆಂಟು ಹೆಜ್ಜೆ ಹೋದರು. ಜೋರಾಗಿ ಸದ್ದೇನೂ ಬರಲಿಲ್ಲ. ಹಪ್ಪಳ ಮುರಿದಂತಾಯಿತು, ಅವರು ಎದೆಯವರೆಗೆ ಇಳಿದುಹೋದರು.

ನಾನು ನೆಟ್ಟ ಐದನೆಯ ಕಡ್ಡಿಯ ಹಾಗೆ ನಿಂತಿದ್ದೆ.

"ಮಲಗು! ಬೋರಲು ಮಲಗು!" ಮುಳುಗುತ್ತಿದ್ದವರು ಅವರು, ಆಜ್ಞೆ ಕೊಡುತ್ತಿದ್ದವರೂ ಅವರೇ. ಮಲಗಿದೆ. "ಹತ್ರ ಬರ್ಬೇಡ. ಟೇಪು ಎಸಿ!" ಎಸೆದೆ. ಮೊದಲ ಸಲ ನನ್ನ ತಲೆಯ ಮೇಲೇ ಬಿತ್ತು. ಎರಡನೆಯ ಸಲ ಸಿಕ್ಕಿತು, ತೋಳಿಗೆ ಸುತ್ತಿಕೊಂಡರು. ಅವರು ಮೊಳೆಗಳನ್ನು ಮಂಜಿಗೆ ಚುಚ್ಚಿ ಕಾಲು ಬಡಿದರು, ಅಂಚು ಮುರಿಯಿತು, ಮತ್ತೆ ಚುಚ್ಚಿದರು, ಮತ್ತೆ ಮುರಿಯಿತು. ಅವರ ತುಟಿ ನೇರಳೆಯಾಗುವುದನ್ನು ನೋಡುತ್ತ ಎಳೆದೆ. ಮೂರನೆಯ ಸಲಕ್ಕೆ ಅಂಚು ತಡೆಯಿತು. ಹೊಟ್ಟೆಯ ಮೇಲೆ ಜಾರಿ ಬಂದರು, ಇಬ್ಬರೂ ಮೊಸಳೆಗಳಂತೆ ದಡದವರೆಗೆ ತೆವಳಿದೆವು.

ಆಂಬುಲೆನ್ಸ್ ಬಂತು. ಅವರನ್ನು ಒಂದು ದಿನ ಆಸ್ಪತ್ರೆಯಲ್ಲಿಟ್ಟುಕೊಂಡು ಕಳಿಸಿದರು. ಹೆಂಡತಿ ಮನೆಗೆ ಬಂದವಳು ನನ್ನನ್ನು ಅಪ್ಪಿಕೊಂಡು ಅತ್ತಳು, ಆಮೇಲೆ ಕಣ್ಣೊರೆಸಿಕೊಂಡು, "ಚೊಂಬು?" ಅಂದಳು. ಅದು ಕೆರೆಯ ತಳದಲ್ಲಿತ್ತು.

ಅಂದಿನಿಂದ ನನಗೆ ನಿದ್ದೆ ಹೋಯಿತು. ಕಣ್ಣು ಮುಚ್ಚಿದರೆ ಹಪ್ಪಳ ಮುರಿಯುತ್ತಿತ್ತು, ಎದ್ದು ಕೂರುತ್ತಿದ್ದೆ, ಹೆಂಡತಿಯೂ ಏಳುತ್ತಿದ್ದಳು. ಪಕ್ಕದ ಮನೆಯವರು ಹೊರಗೆ ಕಂಡರೆ ಕಸದ ಚೀಲ ಹಿಡಿದು ಒಳಗೆ ವಾಪಸ್ಸು ಬರುತ್ತಿದ್ದೆ. ಅವರೂ ಬೆಲ್ ಒತ್ತಲಿಲ್ಲ. ಯಾಕೆ ಒತ್ತುತ್ತಾರೆ, ಕೊಲ್ಲಲು ಹೊರಟವನ ಮನೆಯ ಬೆಲ್ಲು?

ಏಪ್ರಿಲ್‌ನಲ್ಲಿ ಕೆರೆ ಕರಗಿತು. ಅಂಚೆಪೆಟ್ಟಿಗೆಯಲ್ಲಿ ಚರ್ಚಿನ ಸಭೆಯ ಆಮಂತ್ರಣ ಬಿತ್ತು. ಹೆಂಡತಿ ನನ್ನನ್ನು ಎಳೆದುಕೊಂಡು ಹೋದಳು. ಹೆಂಡತಿ ನನಗೆ ಹೇಳದೆ ನನ್ನ ಫೋನಿನಿಂದ ಅವರಿಗೆ ಕಳಿಸಿದ್ದ ಒಂದು ಇಪ್ಪತ್ತರ ಫೋಟೋ ಪರದೆಯ ಮೇಲೆ ಬಂದಾಗ ಎದ್ದು ಹೋಗಬೇಕೆನಿಸಿತು. ಆದರೆ ಅವರು ಇಪ್ಪತ್ತು ಗುಂಟೆಯ ಬಗ್ಗೆಯೇ ಹತ್ತು ನಿಮಿಷ ಮಾತನಾಡಿದರು. ಧಾರೆಯ ವಿಷಯ ಎತ್ತಲಿಲ್ಲ.

ಫೀಕಾಗೆ, ಅಂದರೆ ಇಲ್ಲಿನವರ ಕಾಫಿ-ತಿಂಡಿಯ ಬಿಡುವಿಗೆ, ಎಲ್ಲರೂ ಕಾಫಿ ಹಿಡಿದು ನಿಂತಾಗ ನೇರ ನನ್ನ ಬಳಿ ಬಂದರು.

"ನೀನು ಕೋಪ ಮಾಡ್ಕೊಂಡಿರೋದು ಸರಿ. ಹಳ್ಳದ ಬಾಯಲ್ಲಿ ಮಂಜು ತೆಳು ಅಂತ ಇಲ್ಲಿ ಮಕ್ಕಳಿಗೂ ಗೊತ್ತು. ಅಳತೆ ಹುಚ್ಚಿನಲ್ಲಿ ನಿನ್ನ ಅಲ್ಲಿಗೆ ಕರ್ಕೊಂಡು ಹೋದೆ. ಬಿದ್ದದ್ದು ನಾನು, ಸರಿ. ನೀನಾಗಿದ್ರೆ? ನಿನಗೆ ಈಜೂ ಬರಲ್ಲ. ಅವತ್ತಿನಿಂದ ನಾನು ಮಲಗಿಲ್ಲ."

"ನೀರು ಬೇಕು ಅಂದಿದ್ದು ನಾನು."

"ಜಾಗ ಆರಿಸಿದ್ದು ನಾನು!"

"ಕಾಫಿ ಹಾಕೋಕೆ ಹೋದ್ರೆ ಬೇಡ ಅಂದಿದ್ದು—"

"ನಾನು ನಿನ್ನ ವಯಸ್ಸಿನ ಎರಡರಷ್ಟಿದ್ದೀನಿ. ನನ್ನ ತಪ್ಪನ್ನ ನನ್ನಿಂದ ಕಿತ್ಕೋಬೇಡ!"

ಪಾದ್ರಿಯವರು ತಿರುಗಿ ನೋಡಿದರು. ಹೆಂಡತಿ ನನ್ನ ಕಿವಿಯಲ್ಲಿ ಅಂದಳು: "ಇಬ್ರೂ ಸೇರಿ ಮುಳುಗಿಸಿದ್ದು ನನ್ನ ಚೊಂಬು. ಅದಕ್ಕೆ ಯಾರೂ ಸಾರಿ ಹೇಳಿಲ್ಲ, ನೋಡ್ತಾ ಇದೀನಿ." ಅದನ್ನು ನಾನು ಇಂಗ್ಲಿಷಿನಲ್ಲಿ ಹೇಳಿದೆ. ಅವರಿಗೆ ನಗು ತಡೆಯಲಾಗದೆ ಕಾಫಿ ಚೆಲ್ಲಿತು. ನನ್ನ ತೋಳು ಹಿಡಿದೇ ನಕ್ಕರು. ಅವರ ಕೈ ಬೆಚ್ಚಗಿತ್ತು.

ಮರುದಿನ, ಶನಿವಾರ, ನಾನು ಕಣ್ಣು ಬಿಟ್ಟಾಗ ಬಿಸಿಲು ಹಾಸಿಗೆಯ ಅರ್ಧ ದಾಟಿತ್ತು. ಹೆಂಡತಿ ದಿಂಬಿಗೆ ಒರಗಿ ಕೆಂಗಣ್ಣು ಬಿಟ್ಟುಕೊಂಡು ಕೂತಿದ್ದಳು.

"ರಾತ್ರಿಯೆಲ್ಲಾ ಒಂದ್ಸಲನೂ ಎದ್ದಿಲ್ಲ ನೀನು," ಅಂದಳು. "ಉಸಿರಾಡ್ತಿದೀಯಾ ಅಂತ ನಾನೇ ಎದ್ದೆದ್ದು ನೋಡಿದ್ದಾಯ್ತು."