ಲಿಂಗ ಹಿಡಿದು ಬಿಟ್ಟ ಗುಳಿಗೆ

ಜೋಳದ ರೊಟ್ಟಿಯೇ ಔಷಧ ಎಂದು ನಮ್ಮಣ್ಣ ಊರಿಗೆಲ್ಲ ಹೇಳಿಕೊಡಲು ಶುರುಮಾಡಿ ಎರಡು ವರ್ಷವಾಯಿತು. ಜೇವರ್ಗಿಯಲ್ಲಿ ಇಪ್ಪತ್ತು ವರ್ಷ ಬೇಕರಿ ನಡೆಸಿ, ಶಾಲೆ ಮಕ್ಕಳಿಗೆಲ್ಲ ಕ್ರೀಮ್ ಬನ್ನಿನ ಚಟ ಹಚ್ಚಿದ ಮಹಾನುಭಾವ ಇವನೇ. ಈಗ ಅದೇ ಅಂಗಡಿಯಲ್ಲಿ ನವಣೆ, ಸಜ್ಜೆ, ಗಾಣದ ಎಣ್ಣೆ, ತಾಮ್ರದ ತಂಬಿಗೆ. ಹೆಗಲಿಗೊಂದು ಖಾದಿ ಶಲ್ಯ. ಬಾಯಿ ತೆರೆದರೆ 'ನಮ್ಮ ಪೂರ್ವಜರು'. ಮೂರು ಹೊತ್ತೂ ರೊಟ್ಟಿಯನ್ನೇ ತಿಂದ ನಮ್ಮಜ್ಜ ಐವತ್ತು ಮುಟ್ಟುವ ಮೊದಲೇ ಸತ್ತದ್ದು ಮಾತ್ರ ಅವನ ಭಾಷಣದಲ್ಲಿ ಬರುವುದಿಲ್ಲ.

ರೊಟ್ಟಿಯ ಮೇಲೆ ನನಗೇನೂ ಸಿಟ್ಟಿಲ್ಲ. ಆಳಂದದ ನಮ್ಮ ಮನೆಯಲ್ಲಿ ದಿನಾ ನಾನೇ ಬಡಿಯುತ್ತೇನೆ. ಜೊತೆಗೆ ಪುಂಡಿಪಲ್ಯ, ಶೇಂಗಾ ಹಿಂಡಿ. ಹೊಟ್ಟೆಗೆ ಒಳ್ಳೆಯದೇ. ಅದನ್ನು ತಿನ್ನಲು ಮೈಕು ಬೇಕಾಗಿಲ್ಲ, ಅಷ್ಟೇ.

ಅವ್ವ ಇರುವುದು ಅಣ್ಣನ ಮನೆಯಲ್ಲಿ. ಅವಳಿಗೆ ಸಕ್ಕರೆ ಕಾಯಿಲೆ ಬಂದು ಬಹಳ ವರ್ಷವಾಯಿತು. ಹೋದ ಚಳಿಗಾಲ ಅಫಜಲಪುರದ ಕಲ್ಯಾಣ ಮಂಟಪವೊಂದರಲ್ಲಿ ಅಣ್ಣ ಆರೋಗ್ಯ ಶಿಬಿರ ಮಾಡಿದ. ಅವ್ವನನ್ನು ವೇದಿಕೆ ಹತ್ತಿಸಿ, ಕೊರಳ ಲಿಂಗವನ್ನು ಅಂಗೈಯಲ್ಲಿ ಹಿಡಿಸಿ, "ಇನ್ನ ಗುಳಿಗಿ ಮುಟ್ಟಂಗಿಲ್ಲ" ಎಂದು ಎಲ್ಲರೆದುರು ಹೇಳಿಸಿದ. ಜನ ಚಪ್ಪಾಳೆ ತಟ್ಟಿದರು. ನಾನು ಅದನ್ನು ನೋಡಿದ್ದು ಅವನೇ ಕಳಿಸಿದ ವಿಡಿಯೋದಲ್ಲಿ. ಲಿಂಗ ಹಿಡಿದು ಆಡಿದ ಮಾತನ್ನು ಅವ್ವನಂಥವರು ಜೀವ ಹೋದರೂ ಮುರಿಯುವುದಿಲ್ಲ. ಅದು ಗೊತ್ತಿದ್ದೇ ಮಾಡಿಸಿದ, ನಾಚಿಕೆಗೆಟ್ಟವನು.

ತಿಂಗಳು ಬಿಟ್ಟು ಜೇವರ್ಗಿಗೆ ಹೋದೆ. ಅವ್ವನ ಹಿಮ್ಮಡಿಯಲ್ಲಿ ಹುಣ್ಣಾಗಿತ್ತು. ಮೇಲೆ ಅರಿಶಿನ ಮೆತ್ತಿ ಬಟ್ಟೆ ಕಟ್ಟಿದ್ದರು. ಬಿಚ್ಚಿದರೆ ವಾಸನೆ. 

"ಒಳಗಿನ ವಿಷ ಹೊರಗ ಬರಾಕತ್ತದ ತಂಗಿ, ಛಲೋ ಆಯ್ತು ಬಿಡು" ಎಂದ ಅಣ್ಣ.

ಬೇರೆ ಬಟ್ಟೆ ಕಟ್ಟಲೆಂದು ಕತ್ತರಿ ಹುಡುಕುತ್ತ ಅವನ ಕಪಾಟು ತೆಗೆದೆ. ಶಿಬಿರದ ಕರಪತ್ರಗಳ ಕೆಳಗೆ ಗುಳಿಗೆಯ ಪಟ್ಟಿ ಇತ್ತು, ಅರ್ಧ ಖಾಲಿ. ತಂದು ಅವನ ಮುಖದೆದುರು ಹಿಡಿದೆ.

"ಅದು ಬ್ಯಾರೆ. ಅದು ಬಿ.ಪಿ.ದು" ಎಂದ. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಇಂಥ ಮನುಷ್ಯನ ಬೆನ್ನಿಗೆ ಹುಟ್ಟಿದೆನಲ್ಲ ಎಂದು ಅಸಹ್ಯವಾಯಿತು.

"ಅವ ನುಂಗೋದು ನನಗ ಗೊತ್ತದ" ಎಂದಳು ಅವ್ವ ಮಂಚದಿಂದ. "ಮಾತು ಕೊಟ್ಟಾಕಿ ನಾ. ಅವ ಕೊಟ್ಟಿಲ್ಲಲ್ಲ."

"ಹಂಗಾರ ಹೇಳಿಸಿದವ ಅವನೇ ಬಿಡಿಸಲಿ" ಎಂದೆ.

"ಮಂದಿ ಮುಂದ ಕೊಟ್ಟದ್ದು ಮಂದಿ ಮುಂದನ ಬಿಡಿಸಬೇಕು" ಎಂದಳು.

ಅಂದರೆ ಅಣ್ಣ ಮತ್ತೆ ವೇದಿಕೆ ಹತ್ತಿ, ನಾನು ಹೇಳಿದ್ದು ತಪ್ಪು, ನಮ್ಮವ್ವ ಗುಳಿಗೆ ತಗೊಳ್ಳಲಿ ಎನ್ನಬೇಕು. ಅಣ್ಣ ಶಲ್ಯ ಸರಿಮಾಡಿಕೊಂಡ. ಗೋಡೆಗೆ ಒರಗಿಸಿದ್ದ ಹೊಸ ಬ್ಯಾನರಿನ ಕಡೆ ನೋಡಿದ. "ಗಾಣಗಾಪುರದ ಶಿಬಿರ ಒಂದು ಮುಗೀಲಿ. ಆಮ್ಯಾಲ ನೋಡಮು" ಎಂದ. ಅದಕ್ಕೆ ಇನ್ನೂ ಮೂರು ವಾರವಿತ್ತು. ಹುಣ್ಣು ಅಲ್ಲಿಯತನಕ ಕಾಯುತ್ತದೆಯೇ ಎಂದು ಕೇಳಿದೆ. ಅವನು ಅಂಗಡಿಗೆ ಹೊತ್ತಾಯಿತೆಂದು ಚಪ್ಪಲಿ ಮೆಟ್ಟಿಕೊಂಡು ಹೋದ.

ಅವ್ವನ ಮುಂದೆ ಕೂತು ಬಾಯಿಗೆ ಬಂದಂತೆ ಬೈದೆ, ಅವನನ್ನೂ ಅವಳನ್ನೂ. ಇಂಥವನ ಸಲುವಾಗಿ ಕಾಲು ಕಳಕೊಳ್ತೀಯೇನು ಎಂದೆ.  ಅವಳು ಕಾಲನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೇಳಿದಳು:

"ಇಪ್ಪತ್ತು ವರ್ಷ ಅಂಗಡಿಗಿ ಬುತ್ತಿ ಒಯ್ದೇನಿ. ಗಿರಾಕಿ ಇದ್ದರ ಹಿಂದಿನ ಬಾಗಲದಿಂದ ಬಾ ಅಂತಿದ್ದ. ಅವತ್ತು ಅಷ್ಟು ಮಂದ್ಯಾಗ ಕೈ ಹಿಡದು ಮ್ಯಾಲ ಕರಕೊಂಡು ಹೋಗಿ, ಇಕಿ ನಮ್ಮವ್ವ ಅಂದ. ಅವನ ಮಾತು ನಾ ಹ್ಯಾಂಗ ಕೆಡಸ್ಲಿ ಬೇ?"