ಚಿಕ್ಕಮ್ಮನ ದೊಡ್ಡ ಬ್ರೇಕು

ಸ್ವಲ್ಪ ತಡೀರಿ, ಈಗಲೇ ಎದ್ದು ಹೋಗಬೇಡಿ. ಕಾರಿನ ಬ್ರೇಕ್ ಡಿಸ್ಕಿಗೂ ಚಕ್ರದ ಅಳತೆಗೂ ಏನು ಸಂಬಂಧ ಅನ್ನುವುದನ್ನು ಹೇಳಲು ಹೊರಟಿದ್ದೇನೆ. ಕೇಳಿದರೆ ಆಕಳಿಕೆ ಬರುವ ವಿಷಯ, ಒಪ್ಪಿಕೊಳ್ಳುತ್ತೇನೆ. ಆದರೆ ಇದರಲ್ಲಿ ನನ್ನ ಚಿಕ್ಕಮ್ಮ ಇದ್ದಾಳೆ, ಚಿಕ್ಕಪ್ಪ ಇದ್ದಾರೆ, ಒಂದು ಪ್ಲಾಸ್ಟಿಕ್ ಕುರ್ಚಿಯ ಪ್ರಾಣ ಹೋಗುತ್ತದೆ. ಕುರ್ಚಿ ಬರುವವರೆಗಾದರೂ ಕಾಯಿರಿ.

ಕೊಪ್ಪದಲ್ಲಿ ಆಗ ತಿಂಗಳಿಗೊಮ್ಮೆ ಡ್ರೈವಿಂಗ್ ಲೈಸೆನ್ಸಿನ ಕ್ಯಾಂಪ್ ನಡೆಯುತ್ತಿತ್ತು. ಒಂದು ಮೈದಾನ, ಸುಣ್ಣದಲ್ಲಿ ಎಳೆದ ಗೆರೆ, ಗೆರೆಯ ಆಚೆ ಇನ್‌ಸ್ಪೆಕ್ಟರರ ಕುರ್ಚಿ. ಚಿಕ್ಕಮ್ಮ ಎಂಟು ಹಾಕಿದಳು, ರಿವರ್ಸ್ ತೆಗೆದಳು, ಎಲ್ಲ ಚೆನ್ನಾಗಿಯೇ ಆಯಿತು. ಕೊನೆಗೆ ಇನ್‌ಸ್ಪೆಕ್ಟರು ಎದ್ದು ನಿಂತು, ತಾನು ಕೈ ಎತ್ತಿದ ಕೂಡಲೇ ಬ್ರೇಕ್ ಹಾಕಿ ಗೆರೆಯೊಳಗೆ ನಿಲ್ಲಿಸಬೇಕು ಅಂದರು. ಕೈ ಎತ್ತಿದರು. ಕಾರು ಬಂತು. ಗೆರೆಗೆ ಬಂತು. ಗೆರೆ ದಾಟಿಯೂ ಬಂತು. ಇನ್‌ಸ್ಪೆಕ್ಟರು ಪಕ್ಕಕ್ಕೆ ಹಾರಿದರು. ಕುರ್ಚಿಗೆ ಹಾರಲು ಬರುತ್ತಿರಲಿಲ್ಲ.

"ನಾ ಒತ್ತಿದ್ದೆ ಸರ್," ಅಂದಳು ಚಿಕ್ಕಮ್ಮ ಕಿಟಕಿಯಿಂದ ತಲೆ ಹೊರಗೆ ಹಾಕಿ. "ಸೀಟಿಂದ ಎದ್ದು ನಿಂತು ಒತ್ತಿದ್ದೆ."

"ಮುಂದಿನ ಸಲ ಕೂತ್ಕಂಡೇ ನಿಲ್ಲಿಸೋ ಹಾಗೆ ಬನ್ನಿ ಅಮ್ಮ," ಅಂದರು ಅವರು, ಕುರ್ಚಿಯ ಕಾಲು ಹುಡುಕುತ್ತ.

ಇದರಲ್ಲಿ ಚಿಕ್ಕಮ್ಮನ ತಪ್ಪೇನೂ ಇಲ್ಲ. ಅವಳು ಕುಳ್ಳಿ, ಬೆನ್ನ ಹಿಂದೆ ದಿಂಬಿಟ್ಟುಕೊಂಡರೆ ಮಾತ್ರ ಪೆಡಲು ಸಿಗುತ್ತದೆ. ಆ ಹಳೇ ಸಣ್ಣ ಕಾರಿನ ಬ್ರೇಕು ಚಿಕ್ಕಪ್ಪನ ಕಾಲಿಗೆ ಮಾತ್ರ ಹೆದರುತ್ತಿತ್ತು. ಅವರು ಆರಡಿ ಆಳು, ಅವರ ಚಪ್ಪಲಿಯೇ ಅರ್ಧ ಕೆ.ಜಿ. "ಬ್ರೇಕಿಗೆ ಎಂತ ಆಗಿದೆ? ಗುದ್ದಿದ್ರೆ ನಿಲ್ತದೆ," ಅನ್ನುತ್ತಿದ್ದರು. ಕುರ್ಚಿಯ ಕಥೆಯನ್ನು ನಮ್ಮೂರು ಕಡಹಿನಬೈಲಿನಲ್ಲಿ ಕೇಳಿದವರಿಗೆ, ಕೇಳದವರಿಗೆ, ಹಾಲು ಹಾಕಲು ಬಂದವರಿಗೆ, ಎಲ್ಲರಿಗೂ ಹೇಳಿ ಮುಗಿಸಿದ ಮೇಲೆ ಚಿಕ್ಕಮ್ಮನಿಗೆ ಒಂದು ಷರತ್ತು ಹಾಕಿದರು.

"ಇನ್ನೊಂದು ಸಲ ಹೋಗು, ನಾ ಬೇಡ ಅನ್ನದಿಲ್ಲ. ಆದ್ರೆ ಅದ್ರಲ್ಲೂ ಫೇಲಾದ್ರೆ ಮತ್ತೆ ಕಾರಿನ ಕೀ ಕೇಳ್ಬಾರ್ದು. ಆಯ್ತಾ?"

"ಆಯ್ತು. ಪಾಸಾದ್ರೆ?"

"ಪಾಸಾದ್ರೆ ಶೃಂಗೇರಿಗೆ ನೀನೇ ಬಿಡು, ನಾ ಪಕ್ಕದಲ್ಲಿ ಕೂರ್ತೆ."

ಶೃಂಗೇರಿಯ ಹತ್ತಿರ ಚಿಕ್ಕಮ್ಮನ ಅಕ್ಕನ ಮನೆ. ಬಸ್ಸು ಹತ್ತಿದರೆ ಚಿಕ್ಕಮ್ಮನಿಗೆ ವಾಂತಿ. ಬ್ಯಾಗಿನಲ್ಲಿ ಯಾವಾಗಲೂ ಒಂದು ನಿಂಬೆಹಣ್ಣು ಇರುತ್ತಿತ್ತು, ಮೂಸುವುದಕ್ಕೆ. ಕಾರಿನಲ್ಲಿ ಪಕ್ಕ ಕೂತರೂ ಅದೇ ಪಾಡು. ಆದರೆ ಸ್ಟೇರಿಂಗು ಅವಳ ಕೈಯಲ್ಲೇ ಇದ್ದರೆ ಎಷ್ಟು ತಿರುವು ಬಂದರೂ ಏನೂ ಆಗುತ್ತಿರಲಿಲ್ಲ. ಹಾಗಾಗಿ ಅವಳಿಗೆ ಲೈಸೆನ್ಸ್ ಅಂದರೆ ಅಕ್ಕನ ಮನೆಯ ದಾರಿ. ಕಲಿಕೆಯ ಲೈಸೆನ್ಸಿನ ಅವಧಿಯೂ ಮುಂದಿನ ಕ್ಯಾಂಪಿನ ವಾರಕ್ಕೇ ಮುಗಿಯುತ್ತಿತ್ತು.

"ಎಂತಾದ್ರೂ ಮಾಡು ಮಾರಾಯ," ಅಂದಳು ನನಗೆ. "ನನ್ನ ಕಾಲಿಗೆ ಬಗ್ಗೋ ಹಾಗೆ ಆ ಬ್ರೇಕಿಗೊಂದು ಬುದ್ಧಿ ಕಲಿಸು."

ನಾನು ಆಗ ಕೊಪ್ಪದ ಪಕ್ಕದ ಬಾಳಗಡಿಯಲ್ಲಿ ಬಿ.ಕಾಂ. ಓದುತ್ತಿದ್ದೆ. ಕಾರಿನ ವಿದ್ಯೆ ಕಲಿಸಿದ ಗುರುಗಳು ಅಂತ ನನಗೆ ಯಾರೂ ಇಲ್ಲ. ಕೊಪ್ಪದ ಇಂಟರ್ನೆಟ್ ಅಂಗಡಿಯಲ್ಲಿ ಕೂತು ಓದಿದ್ದೇ ಎಲ್ಲ. ಅಲ್ಲಿ ಒಂದು ಪುಟದಲ್ಲಿ ಸಿಕ್ಕಿದ ಸಂಗತಿ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಡಿಸ್ಕ್ ಅಂದರೆ ಚಕ್ರದ ಜೊತೆ ತಿರುಗುವ ಕಬ್ಬಿಣದ ತಟ್ಟೆ. ಬ್ರೇಕ್ ಒತ್ತಿದಾಗ ಪ್ಯಾಡುಗಳು ಅದನ್ನು ಎರಡೂ ಕಡೆಯಿಂದ ಹಿಡಿಯುತ್ತವೆ. ತಟ್ಟೆ ದೊಡ್ಡದಾದರೆ ಪ್ಯಾಡು ಮಧ್ಯದಿಂದ ದೂರದಲ್ಲಿ ಹಿಡಿಯುತ್ತದೆ. ಬಾಗಿಲನ್ನು ತಿರುಗಣಿಯ ಹತ್ತಿರ ಕೈಯಿಟ್ಟು ನಿಲ್ಲಿಸಿ ನೋಡಿ, ಆಮೇಲೆ ಹಿಡಿಕೆಯ ಹತ್ತಿರ ಹಿಡಿದು ನಿಲ್ಲಿಸಿ ನೋಡಿ. ಎರಡನೆಯದಕ್ಕೆ ಒಂದು ಬೆರಳು ಸಾಕು. ಅಂದರೆ ಚಿಕ್ಕಮ್ಮನ ಕಾಲೂ ಸಾಕು!

ಡಿಸ್ಕು ಎಷ್ಟು ದೊಡ್ಡದಿರಬಹುದು ಅಂತ ತೋರಿಸುವ ಚಿತ್ರವೂ ಆ ಪುಟದಲ್ಲಿತ್ತು. ಆಗಿನ ಇಂಟರ್ನೆಟ್ ಗೊತ್ತಲ್ಲ, ಚಿತ್ರ ಮೇಲಿಂದ ಕೆಳಗೆ ಪರದೆ ಇಳಿದ ಹಾಗೆ ಇಳಿಯುತ್ತಿತ್ತು. ಅರ್ಧ ಇಳಿಯುವಾಗ ಕರೆಂಟು ಹೋಯಿತು. ನಾನು ನೋಡಿದ ಅರ್ಧದಲ್ಲಿ ಚಕ್ರ ಇತ್ತು, ಡಿಸ್ಕು ಇತ್ತು. ಉಳಿದ ಅರ್ಧದಲ್ಲಿ ಏನಿತ್ತು ಅನ್ನುವುದು ಶಿವಮೊಗ್ಗಕ್ಕೆ ಹೋಗಿ ಬಂದ ಮೇಲೆ ಗೊತ್ತಾಯಿತು.

ಶಿವಮೊಗ್ಗದಲ್ಲಿ ಒಂದು ಗುಜರಿ. ಅಲ್ಲಿ ಅದೇ ಕಂಪನಿಯ ಸ್ವಲ್ಪ ದೊಡ್ಡ ಕಾರೊಂದು ಹೊಟ್ಟೆ ಬಿಚ್ಚಿಕೊಂಡು ಬಿದ್ದಿತ್ತು. ಅದರ ಮುಂದಿನ ಡಿಸ್ಕುಗಳನ್ನು ಅವುಗಳ ಪರಿವಾರ ಸಮೇತ ಬಿಚ್ಚಿಸಿದೆ. ಟೇಪು ಹಿಡಿದು ಡಿಸ್ಕು ಅಳೆದೆ. ನಮ್ಮ ಹನ್ನೆರಡು ಇಂಚಿನ ಚಕ್ರದೊಳಗೆ ಆರಾಮಾಗಿ ಕೂರುವ ಅಳತೆ.

ಗುಜರಿಯವನು ಕೇಳಿದ, "ಚಕ್ರ ಬೇಡ್ವಾ?"

"ನಮ್ಮ ಕಾರಿಗೆ ಚಕ್ರ ಉಂಟು," ಅಂದೆ.

ಅವನು ನಕ್ಕ. ಯಾಕೆ ನಕ್ಕ ಅಂತ ನಾನು ಕೇಳಲಿಲ್ಲ.

ಚಿಕ್ಕಪ್ಪ ಮೂರು ದಿನಕ್ಕೆ ಮಂಗಳೂರಿಗೆ ಹೋದದ್ದೇ ನಮಗೆ ಮುಹೂರ್ತ. ನರಸಿಂಹರಾಜಪುರದಿಂದ ಪರಿಚಯದ ಮೆಕ್ಯಾನಿಕ್ ಒಬ್ಬರನ್ನು ಕರೆತಂದೆ. ಬೋಲ್ಟುಗಳು ಸರಿ ಬಂದವು, ಡಿಸ್ಕು ಕೂತಿತು. ಇನ್ನು ಚಕ್ರ ಹಾಕುವುದೊಂದೇ ಬಾಕಿ. ಹಾಕಿದರೆ ಅರ್ಧಕ್ಕೇ ನಿಂತಿತು. ತಿರುಗಿಸಿ ಹಾಕಿದೆ, ಗುದ್ದಿ ಹಾಕಿದೆ, ಊಹೂಂ. ಡಿಸ್ಕಿನ ಅಂಚನ್ನು ಏಡಿಯ ಇಕ್ಕಳದ ಹಾಗೆ ಕಚ್ಚಿಕೊಂಡು ಕ್ಯಾಲಿಪರ್ ಅನ್ನುವುದೊಂದು ಇರುತ್ತದಲ್ಲ, ಪ್ಯಾಡುಗಳ ಮನೆ, ಅದು ಡಿಸ್ಕಿಗಿಂತ ಹೊರಕ್ಕೆ ಚಾಚಿಕೊಂಡಿತ್ತು. ಚಕ್ರದ ಒಳಗೋಡೆಗೆ ತಗಲುತ್ತಿದ್ದುದು ಅದು. ಚಿತ್ರದ ಇಳಿಯದ ಅರ್ಧದಲ್ಲಿ ಇದ್ದದ್ದೂ ಅದೇ!

ಇದೇ ನೋಡಿ ನಾನು ಹೇಳಹೊರಟ ಸಂಬಂಧ. ಚಕ್ರದೊಳಗೆ ಡಿಸ್ಕು ಹಿಡಿದರೆ ಸಾಲದು, ಡಿಸ್ಕನ್ನು ಕಚ್ಚಿದ ಕ್ಯಾಲಿಪರ್ ಹಿಡಿಯಬೇಕು, ಅದರ ಮೇಲೂ ಬೆರಳಾಡುವಷ್ಟು ಜಾಗ ಉಳಿಯಬೇಕು. ಅದಕ್ಕೇ ದೊಡ್ಡ ಡಿಸ್ಕು ಬೇಕಾದವರಿಗೆ ದೊಡ್ಡ ಚಕ್ರವೂ ಬೇಕು. ಆದರೆ ಇದನ್ನು ತಿರುಗಿಸಿ ಹೇಳಬೇಡಿ. ಬರೀ ಚಕ್ರ ದೊಡ್ಡದು ಮಾಡಿದರೆ ಬ್ರೇಕು ದೊಡ್ಡದಾಗುವುದಿಲ್ಲ. ಟೈರು ಎತ್ತರವಾದಷ್ಟೂ ಅದನ್ನು ನಿಲ್ಲಿಸುವುದು ಇನ್ನೂ ಕಷ್ಟ. ನಮ್ಮ ಕಾಲೇಜಿನ ಎದುರು ಒಬ್ಬ ಸಣ್ಣ ಕಾರಿಗೆ ಭಾರೀ ಅಲಾಯ್ ಚಕ್ರ ಹಾಕಿಸಿಕೊಂಡು ಮೆರೆಯುತ್ತಿದ್ದ. ಒಳಗಿನ ಡಿಸ್ಕು ಕುಡಿ ಬಾಳೆಲೆಯ ತುದಿಗೆ ಬಡಿಸಿದ ಉಪ್ಪಿನಕಾಯಿಯ ಹಾಗೆ ಕಾಣುತ್ತಿತ್ತು.

ಮಾರನೆಯ ದಿನ ಮತ್ತೆ ಗುಜರಿಗೆ ಹೋದೆ. ಅವನು ಹದಿಮೂರು ಇಂಚಿನ ಚಕ್ರಗಳನ್ನು ಟೈರು ಸಮೇತ ಸಾಲಾಗಿ ಒರಗಿಸಿ ಇಟ್ಟಿದ್ದ, ಮದುಮಗನನ್ನು ಕಾಯುವವರ ಹಾಗೆ.

"ಐದೂ ತಗಂಡು ಹೋಗಿ," ಅಂದ.

"ಕಾರಿಗೆ ಇರೋದು ನಾಲ್ಕೇ ಅಲ್ವಾ?" ಅಂದೆ ನಾನು, ದೊಡ್ಡ ಜಾಣನ ಹಾಗೆ. ಅವನು ಮತ್ತೆ ನಕ್ಕ. ನಮ್ಮ ಹಳೇ ನಾಲ್ಕನ್ನು ಅವನಿಗೇ ಕೊಟ್ಟು ಬಂದೆ.

ಬ್ರೇಕಿನ ಪೈಪಿನಿಂದ ಗಾಳಿ ತೆಗೆಯಲು ಚಿಕ್ಕಮ್ಮನನ್ನೇ ಸೀಟಿನಲ್ಲಿ ಕೂರಿಸಿದೆವು. "ಒತ್ತು ಚಿಕ್ಕಮ್ಮ. ಹಿಡಿ. ಬಿಡು." ಒತ್ತಿ ಬಿಟ್ಟು, ಒತ್ತಿ ಬಿಟ್ಟು ಅವಳಿಗೆ ಸಿಟ್ಟು ಬಂತು. "ಹೊಲಿಗೆ ಮಿಷನ್ನಾದ್ರೆ ಇಷ್ಟೊತ್ತಿಗೆ ಎರಡು ರವಿಕೆ ಆಗ್ತಿತ್ತು ಮಾರಾಯ!" ಆಮೇಲೆ ಮನೆಯ ಇಳಿಜಾರಿನಲ್ಲಿ ಕಾರು ಬಿಟ್ಟು ನೋಡಿದಳು. ಕಾಲ್ಬೆರಳ ತುದಿಯಲ್ಲಿ ಒತ್ತಿದರೆ ಸಾಕು, ಟಕ್ಕನೆ ನಿಂತಿತು. ಬೆನ್ನ ಹಿಂದಿನ ದಿಂಬು ಡ್ಯಾಶ್‌ಬೋರ್ಡಿಗೆ ಬಂತು. ಚಿಕ್ಕಮ್ಮನ ಮುಖದಲ್ಲಿ ಬಂದ ನಗು ಹೇಗಿತ್ತು ಅಂದರೆ, ಚಿಕ್ಕಪ್ಪ ನೋಡಿದ್ದರೆ ಮಂಗಳೂರಿನಿಂದಲೇ ಬರುತ್ತಿರಲಿಲ್ಲ.

ಬಂದ ಮೇಲೆ ಚಕ್ರ ನೋಡಿ "ಇದೆಂತ ಇದು?" ಅಂದರು. "ಟೈರು ಸವೆದಿತ್ತು, ಬದಲಿಸಿದ್ವಿ," ಅಂದಳು ಚಿಕ್ಕಮ್ಮ. ಸುಳ್ಳಂತೂ ಅಲ್ಲ.

ಕ್ಯಾಂಪಿನ ಬೆಳಿಗ್ಗೆ ಚಿಕ್ಕಪ್ಪ ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಟ್ಟು, ಸಿನಿಮಾಕ್ಕೆ ಹೊರಟವರ ಹಾಗೆ ಹಿಂದಿನ ಸೀಟಿನಲ್ಲಿ ಕೂತರು. ಚಿಕ್ಕಮ್ಮ ಸ್ಟೇರಿಂಗಿನಲ್ಲಿ, ಲೈಸೆನ್ಸ್ ಇದ್ದ ನಾನು ಪಕ್ಕದಲ್ಲಿ. ಬಾಳಗಡಿಯವರೆಗೆ ಎಲ್ಲ ಸುಖ. ಅಲ್ಲಿ ಮುಂದಿನ ಎಡಚಕ್ರ ಪಂಕ್ಚರ್ ಆಯಿತು. ಪಂಕ್ಚರ್ ಅಂಗಡಿ ಕಣ್ಣೆದುರಿಗೇ ಇತ್ತು, ಬೀಗ ಹಾಕಿತ್ತು. ಪಕ್ಕದ ಹೋಟೆಲಿನವರನ್ನು ಕೇಳಿದರೆ, "ಅವ ಲೈಸೆನ್ಸ್ ಮಾಡಿಸ್ಲಿಕ್ಕೆ ಕ್ಯಾಂಪಿಗೆ ಹೋಗಿದಾನೆ," ಅಂದರು.

"ಅದಕ್ಕೆಂತ, ಸ್ಟೆಪ್ನಿ ಉಂಟಲ್ಲ, ಹಾಕು," ಅಂದರು ಚಿಕ್ಕಪ್ಪ.

ಡಿಕ್ಕಿ ತೆಗೆದೆ. ಸ್ಟೆಪ್ನಿಯ ಮುಖ ನೋಡಿದ ಕೂಡಲೇ ಗುಜರಿಯವನು ಯಾಕೆ ನಕ್ಕಿದ್ದ ಅಂತ ಅರ್ಥವಾಯಿತು. ಅದು ಹಳೆಯದು, ಹನ್ನೆರಡು ಇಂಚಿನದು. ಆದರೂ ಪಂಕ್ಚರಾದ ಚಕ್ರ ಬಿಚ್ಚಿ, ಇದನ್ನು ಹಾಕಿ ನೋಡಿದೆ. ಅರ್ಧಕ್ಕೇ ನಿಂತಿತು.

ಚಿಕ್ಕಪ್ಪ ಇಳಿದು ಬಂದು ಬಗ್ಗಿ ನೋಡಿದರು. "ನಮ್ಮ ಕಾರಿನ ಸ್ಟೆಪ್ನಿ ನಮ್ಮ ಕಾರಿಗೇ ಕೂರದಿಲ್ವ? ಎಂತ ಮಾಡಿಟ್ಟಿದೀರಿ ಇಬ್ರೂ?"

ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ, ಎಲ್ಲ ಹೇಳಿದೆ. ಅವರು ತೃಪ್ತಿಯಿಂದ ಹೇಳಿದರು, "ಒಳ್ಳೇದಾಯ್ತು. ಇನ್ನು ಮನೆಗೆ ನಡೀರಿ, ಬಸ್ಸು ಬರೋ ಹೊತ್ತಾಯ್ತು. ನಿಂಬೆಹಣ್ಣು ಉಂಟಲ್ಲ?"

ಚಿಕ್ಕಮ್ಮ ಅವರ ಕಡೆ ನೋಡಲೇ ಇಲ್ಲ. ನನ್ನನ್ನು ಕೇಳಿದಳು, "ಹಿಂದಿನ ಚಕ್ರಕ್ಕೂ ಈ ದೊಡ್ಡ ತಟ್ಟೆ ಹಾಕಿದ್ಯ?"

"ಇಲ್ಲ ಚಿಕ್ಕಮ್ಮ, ಹಿಂದೆ ಡಿಸ್ಕೇ ಇಲ್ಲ. ಅಲ್ಲಿ ಹಳೇ ಡ್ರಮ್ ಬ್ರೇಕೇ ಇರೋದು, ಸಣ್ಣದು, ಅದಕ್ಕೆ ಹನ್ನೆರಡು ಇಂಚು..." ಅನ್ನುತ್ತ ಅಲ್ಲೇ ಬಾಯಿ ಮುಚ್ಚಿದೆ. ಅವಳೂ ನಾನೂ ಒಟ್ಟಿಗೇ ಹಿಂದಿನ ಚಕ್ರದ ಕಡೆ ತಿರುಗಿದೆವು.

ಸ್ಟೆಪ್ನಿ ಹಿಂದಕ್ಕೆ, ಹಿಂದಿನ ದೊಡ್ಡ ಚಕ್ರ ಮುಂದಕ್ಕೆ! ಆದರೆ ಜಾಕು ಒಂದೇ. ಪಂಕ್ಚರಾದದ್ದನ್ನು ಮತ್ತೆ ಹಾಕಿ ಇಳಿಸಬೇಕು, ಹಿಂದೆ ಎತ್ತಬೇಕು, ಬದಲಿಸಬೇಕು, ಇಳಿಸಬೇಕು, ಮತ್ತೆ ಮುಂದೆ ಎತ್ತಬೇಕು. ಅವಸರದಲ್ಲಿ ನನ್ನ ಕೈಯಿಂದ ನಟ್ಟು ಬಿದ್ದು ಚರಂಡಿಯ ಕಡೆ ಉರುಳಿತು. ಚಿಕ್ಕಪ್ಪ ಕಾಲು ಅಡ್ಡ ಇಟ್ಟು ನಿಲ್ಲಿಸಿದರು. ಅವರಿಗೆ ಒಂದು ರೋಗ, ಬೇರೆಯವರು ನಿಧಾನಕ್ಕೆ ಕೆಲಸ ಮಾಡುವುದನ್ನು ನೋಡಲಾಗುವುದಿಲ್ಲ.

"ಕೊಡು ಇಲ್ಲಿ ಆ ಸ್ಪಾನರ್. ಹಿಂಗೆ ತಿರುಗ್ಸಿದ್ರೆ ಕ್ಯಾಂಪು ಮುಗ್ದು ಅವ್ರು ಊಟಕ್ಕೆ ಹೋಗ್ತಾರೆ!"

ತಾನು ಯಾವ ಪಕ್ಷ ಅನ್ನುವುದನ್ನು ಮರೆತು, ಬಿಳಿ ಅಂಗಿಯಲ್ಲೇ ಮೊಣಕಾಲೂರಿ, ಎಲ್ಲ ನಟ್ಟುಗಳನ್ನೂ ಅವರೇ ಬಿಗಿದರು. ನೆನಪಾಗುವ ಹೊತ್ತಿಗೆ ಕೆಲಸ ಮುಗಿದಿತ್ತು.

ನಾವು ತಲುಪುವಾಗ ಕ್ಯಾಂಪು ಮುಗಿಯುವುದರಲ್ಲಿತ್ತು. ಚಿಕ್ಕಮ್ಮನನ್ನು ಕಂಡ ಇನ್‌ಸ್ಪೆಕ್ಟರು ಮೊದಲು ಮಾಡಿದ ಕೆಲಸ, ಹೊಸ ಕುರ್ಚಿಯನ್ನು ಎತ್ತಿ ಮರದ ಹಿಂದೆ ಇಟ್ಟದ್ದು. ಆಮೇಲೆ ಕಾರನ್ನು ಒಂದು ಸುತ್ತು ಬಂದರು. ಹಿಂದಿನ ಎಡ ಮೂಲೆ ಸ್ವಲ್ಪ ಕುಸಿದಿತ್ತು.

"ಎಂತ ಅಮ್ಮ, ಕಾರಿನ ಕಾಲು ಉಳುಕಿದ್ಯ?"

"ಪಂಕ್ಚರ್ ಆಯ್ತು ಸರ್, ಅದು ಸ್ಟೆಪ್ನಿ."

ಎಂಟು ಆಯಿತು, ರಿವರ್ಸೂ ಆಯಿತು. ಇನ್‌ಸ್ಪೆಕ್ಟರು ಗೆರೆಯ ಆಚೆ, ಸಾಕಷ್ಟು ಆಚೆ ನಿಂತರು. ಕೈ ಎತ್ತಿದರು. ಮೈದಾನದ ಅಂಚಿನಲ್ಲಿ ನನ್ನ ಪಕ್ಕ ನಿಂತಿದ್ದ ಚಿಕ್ಕಪ್ಪನ ಬಲಗಾಲು ತಾನಾಗಿಯೇ ನೆಲ ಒತ್ತಿತು. ಅದನ್ನು ನಾನು ಕಣ್ಣಾರೆ ಕಂಡೆ. ಕಾರು ಗಕ್ಕನೆ ನಿಂತಿತು, ಗೆರೆಗೆ ಇನ್ನೂ ಒಂದು ಕಾರು ಹಿಡಿಯುವಷ್ಟು ದೂರದಲ್ಲಿ.

"ಗೆರೆ ಹತ್ರ ಆದ್ರೂ ಬನ್ನಿ ಅಮ್ಮ!" ಅಂತ ಕೂಗಿದರು ಇನ್‌ಸ್ಪೆಕ್ಟರು.

"ಹೋದ ಸಲ ಬಂದಿದ್ನಲ್ಲ ಸರ್, ಸಾಕು," ಅಂದಳು ಚಿಕ್ಕಮ್ಮ.

ಅವರು ನಗುತ್ತಲೇ ಪಾಸು ಮಾಡಿದರು. ಸಾಲಿನಲ್ಲಿ ನಿಂತಿದ್ದ ಪಂಕ್ಚರ್ ಅಂಗಡಿಯವನನ್ನು ಅಲ್ಲಿಂದಲೇ ಹತ್ತಿಸಿಕೊಂಡು ಬಾಳಗಡಿಗೆ ಬಂದೆವು. ಅವನೂ ಪಾಸಾಗಿದ್ದ.

ಶೃಂಗೇರಿಗೆ ಹೊರಡುವ ಮೊದಲು ನಾನು ಗುಜರಿಗೆ ಹೋಗಿ ಆ ಐದನೆಯ ಚಕ್ರ ತಂದೆ. ಅವನು ಉರುಳಿಸಿ ಕೊಟ್ಟ, ಈ ಸಲ ನಕ್ಕವನು ನಾನೇ. ಹೊರಟ ದಿನ ಮಾತಿನಂತೆ ಚಿಕ್ಕಮ್ಮ ಸ್ಟೇರಿಂಗಿನಲ್ಲಿ, ಚಿಕ್ಕಪ್ಪ ಪಕ್ಕದಲ್ಲಿ. ಅವರು ಜೀವಮಾನದಲ್ಲಿ ಆ ಸೀಟಿನಲ್ಲಿ ಕೂತವರಲ್ಲ. ಕೊಪ್ಪ ದಾಟಿ ತಿರುವುಗಳು ಶುರುವಾದವು. ಅವರ ಮಾತು ಕಮ್ಮಿಯಾಯಿತು. ಆಮೇಲೆ ನಿಂತೇಹೋಯಿತು.

"ಸ್ವಲ್ಪ ನಿಲ್ಸು ಮಾರಾಯ್ತಿ," ಅಂದರು ಒಂದು ತಿರುವಿನಲ್ಲಿ, ತೀರಾ ಸಣ್ಣ ದನಿಯಲ್ಲಿ.

ಕಾರು ಅಲ್ಲೇ ನಿಂತಿತು. ಆ ಬ್ರೇಕಿಗೆ ಅದೇನು ದೊಡ್ಡ ಕೆಲಸವಲ್ಲ. ಚಿಕ್ಕಪ್ಪ ಇಳಿದು ಮೈಲಿಗಲ್ಲಿನ ಮೇಲೆ ತಲೆ ಹಿಡಿದುಕೊಂಡು ಕೂತರು. ಚಿಕ್ಕಮ್ಮ ಅವಸರವಿಲ್ಲದೆ ಬ್ಯಾಗಿಗೆ ಕೈ ಹಾಕಿ, ಕಿಟಕಿಯಿಂದ ನಿಂಬೆಹಣ್ಣು ಚಾಚಿದಳು.

"ತಗಳಿ, ಮೂಸ್ತಾ ಇರಿ. ಇನ್ನು ನನಗೆ ಇದು ಬೇಡ."

ನನ್ನ ಕಥೆ ಇಷ್ಟು. ಈಗ ನೀವು ಒಂದು ಕೆಲಸ ಮಾಡಿ. ಹೋಗಿ ನಿಮ್ಮ ಕಾರಿನ ಡಿಕ್ಕಿ ತೆಗೆದು, ಸ್ಟೆಪ್ನಿಯ ಅಳತೆಯೂ ಮುಂದಿನ ಚಕ್ರದ ಅಳತೆಯೂ ಒಂದೇನಾ ಅಂತ ನೋಡಿ. ಒಂದೇ ಆಗಿದ್ದರೆ ಸಂತೋಷ. ಬೇರೆಯಾಗಿದ್ದರೆ, ಅದು ನಿಮಗೆ ಯಾವ ದಾರಿಯ ಬದಿಯಲ್ಲಿ, ಯಾರ ಎದುರಿಗೆ ಗೊತ್ತಾಯಿತು ಅಂತ ಕೆಳಗೆ ಬರೆಯಿರಿ. ಎದುರಿಗಿದ್ದವರು ಏನಂದರು ಅನ್ನುವುದನ್ನು ಮಾತ್ರ ಬಿಡಬೇಡಿ, ನಮ್ಮ ಚಿಕ್ಕಪ್ಪನಿಗೆ ಓದಿ ಹೇಳಬೇಕು.